ಬೋರ್ಡು ಕನ್ನಡದಲ್ಲಿದ್ದರೆ ಸಾಕೇ?

(ಕೋಲಾರದಲ್ಲಿ ಯುವ ಗೆಳೆಯರ ಮುಂದೆ ಪ್ರಿಂಟಿಂಗ್ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತು)

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಬಸ್ಸು ಹತ್ತಿ ಬಂದಿರುವ ತಮ್ಮಂದಿರೇ, ತಂಗಿಯರೇ,

ನಾನು ಪಂಡಿತನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಪ್ರೆಸ್ಸಿಗೆ ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಜಾತ್ರೆ ಪೋಸ್ಟರು ನನ್ನ ಅನ್ನ. ಈಚೆಗೆ ಫ್ಯಾಕ್ಟರಿಗಳ ಬೋರ್ಡು, ಸ್ಟಿಕ್ಕರಿನ ಕೆಲಸವೂ ಬರುತ್ತಿದೆ. ಅಂಥ ಒಂದು ಬೋರ್ಡಿನ ಕಥೆ ಕೇಳಿ.

ಒಬ್ಬ ಹುಡುಗ ಬಂದ. ಮುಳಬಾಗಿಲು ಕಡೆಯವನು, ಬಿ.ಇ. ಮಾಡಿ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದಾನೆ. ಹತ್ತು ಬೋರ್ಡು ಬೇಕೆಂದು ಚೀಟಿ ಕೊಟ್ಟ. ಅದರಲ್ಲಿ ಹೀಗಿತ್ತು: ‘ಕಾವಲುಗಾರರು ಇಲ್ಲದೆ ಯಂತ್ರವನ್ನು ಚಲಾಯಿಸತಕ್ಕದ್ದಲ್ಲ.’

‘ಯಾಕಪ್ಪಾ, ವಾಚ್‌ಮನ್ ಬಂದು ಮಷೀನಿನ ಪಕ್ಕ ನಿಲ್ಲಬೇಕಾ?’ ಅಂದೆ. ಅವನು ಇಂಗ್ಲಿಷ್ ಹಾಳೆ ತೆಗೆದ. ಅಲ್ಲಿ ‘ಗಾರ್ಡ್’ ಅಂತಿತ್ತು! ಗಾರ್ಡ್ ಅಂದರೆ ಕೈ ಒಳಗೆ ಹೋಗದ ಹಾಗೆ ಮಷೀನಿನ ಬಾಯಿಗೆ ಹಾಕುವ ಅಡ್ಡ ಜಾಲರಿ. ಟ್ರೆಡಲ್ ಮಷೀನಿಗೆ ಬೆರಳು ಕೊಟ್ಟವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬೋರ್ಡು ಹಾಗೇ ಅಚ್ಚಾಗಿದ್ದರೆ ಯಾರ ಬೆರಳು ಹೋಗುತ್ತಿತ್ತೋ!

ಹುಡುಗ ಮುಖ ಸಣ್ಣದು ಮಾಡಿಕೊಂಡ. ‘ಅಣ್ಣಾ, ಹತ್ತನೇ ಕ್ಲಾಸಿನವರೆಗೂ ಕನ್ನಡದಲ್ಲೇ ಓದಿದವನು ನಾನು. ಆದರೆ ಕಾಲೇಜಲ್ಲಿ ರಿಪೋರ್ಟು, ಲೆಟರು ಎಲ್ಲಾ ಇಂಗ್ಲಿಷಲ್ಲೇ ಬರೆಸಿದ್ದು. ಇಂಥದ್ದನ್ನ ಕನ್ನಡದಲ್ಲಿ ಬರೆಯೋದು ಯಾರೂ ಹೇಳಿಕೊಡಲಿಲ್ಲ’ ಅಂದ.

ಅವನನ್ನು ಬೈದು ಏನು ಪ್ರಯೋಜನ? ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ 2007ರವರೆಗೆ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. ಅವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ 1998ರಲ್ಲಿ ಬೆಳಗಾವಿಯಲ್ಲಿ ಆಯಿತು. ಅದರ 2018ರ ಪಠ್ಯಕ್ರಮದಲ್ಲಿ ‘ಆಡಳಿತ ಕನ್ನಡ’ ಇತ್ತು. ಪತ್ರ ವ್ಯವಹಾರ, ಭಾಷಾಂತರ, ಪಾರಿಭಾಷಿಕ ಪದ ಎಲ್ಲಾ ಅದರಲ್ಲಿದ್ದವು. 2022ರ ಪಠ್ಯಕ್ರಮದಲ್ಲಿ ಅದರ ಜಾಗದಲ್ಲಿ ‘ಸಾಂಸ್ಕೃತಿಕ ಕನ್ನಡ’ ಇತ್ತು. ವಚನ, ಕೀರ್ತನೆ ಓದಲಿ, ಬೇಡ ಅನ್ನುವ ಪಾಪಿ ನಾನಲ್ಲ. ಆದರೆ ಅದೇ ಮೊದಲ ವರ್ಷದಲ್ಲಿ ವೃತ್ತಿಗೆ ಬೇಕಾದ ಬರವಣಿಗೆ ಕಲಿಸಲು ಇಂಗ್ಲಿಷಿಗೆ ಬೇರೆ ಪೇಪರ್ ಇಟ್ಟರು! ಹೊಟ್ಟೆಪಾಡಿಗೆ ಇಂಗ್ಲಿಷ್, ಹಬ್ಬಕ್ಕೆ ಕನ್ನಡ. ಇದು ಯಾವ ನ್ಯಾಯ ಸ್ವಾಮಿ?

ಕನ್ನಡದಲ್ಲಿ ತಾಂತ್ರಿಕ ವಿಷಯ ಬರೆಯಲಾಗದು ಅನ್ನುವವರಿಗೆ ಒಂದು ಮಾತು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಅಂತ ಕನ್ನಡ ಮಾಸಪತ್ರಿಕೆ ನಡೆಸಿದರು.

ಕಾನೂನೂ ಇತ್ತು. 1948ರ ಕಾರ್ಖಾನೆ ಕಾಯಿದೆಯ 108ನೇ ಕಲಮು, ನೋಟೀಸುಗಳು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಇರಬೇಕು ಅಂದಿತ್ತು. ‘ಅರ್ಥವಾಗುವ’ ಅನ್ನೋ ಮಾತು ಗಮನಿಸಿ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಮಕ್ಕಳು ಓದಿದ ಅಕ್ಷರ ಕನ್ನಡ. ಶ್ರೀನಿವಾಸಪುರದ ಮಾವಿನ ತೋಪು ಬಿಟ್ಟು ನರಸಾಪುರದ ಫ್ಯಾಕ್ಟರಿಗೆ ಬರುವ ಹುಡುಗಿಗೆ ‘ಚಲಾಯಿಸತಕ್ಕದ್ದಲ್ಲ’ ಯಾಕೆ?

ನಮ್ಮವರ ತಪ್ಪೂ ಹೇಳಿಬಿಡುತ್ತೇನೆ, ಬೇಜಾರಾಗಬೇಡಿ. ನಾಮಫಲಕದಲ್ಲಿ ಶೇಕಡ 60 ಕನ್ನಡ ಇರಲೇಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿ ಆದಾಗ ಪಟಾಕಿ ಹೊಡೆದೆವು. ಇಂಗ್ಲಿಷ್ ಬೋರ್ಡಿಗೆ ಮಸಿ ಬಳಿಯಲು ಹತ್ತು ಜನ ಬರುತ್ತಾರೆ. ಆ ಬೋರ್ಡಿನ ಮೇಲೆ ಸರಿಯಾದ ಕನ್ನಡ ಬರೆದುಕೊಡಿ ಅಂದರೆ ಒಬ್ಬನೂ ಇಲ್ಲ!

ಆ ಹುಡುಗ, ನಾನು ಕೂತು ತಿದ್ದಿದೆವು. ‘ಜಾಲರಿ ಮುಚ್ಚದೆ ಮಷೀನ್ ಆನ್ ಮಾಡಬೇಡಿ. ಕೈ ಒಳಗೆ ಹಾಕುವ ಮೊದಲು ಸ್ವಿಚ್ ಆಫ್ ಮಾಡಿ.’ ಸ್ವಿಚ್ಚನ್ನು ಸ್ವಿಚ್ ಅಂತಲೇ ಬಿಟ್ಟೆವು. ನನ್ನ ಹತ್ತಿರ ಕಟಿಂಗ್ ಮಷೀನಿನಲ್ಲಿರುವ ಹುಡುಗ ಏಳನೇ ಕ್ಲಾಸು ಓದಿದವನು. ಅವನಿಗೆ ಓದಲು ಕೊಟ್ಟು, ಏನು ಮಾಡಬೇಕೋ ಮಾಡಿ ತೋರಿಸು ಅಂದೆವು. ಸರಿಯಾಗಿ ಮಾಡಿದ ಮೇಲೇ ಅಚ್ಚಿಗೆ ಹಾಕಿದ್ದು.

ನಿಮ್ಮಲ್ಲಿ ಇಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುವವರು ಇದ್ದೀರಿ. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ತೂಗುಹಾಕಿರುವ ಸೂಚನೆಯನ್ನು ಕನ್ನಡದಲ್ಲಿ ಬರೆದು ತನ್ನಿ. ಭಾನುವಾರ ಮಧ್ಯಾಹ್ನ ಪ್ರೆಸ್ಸಿನಲ್ಲಿ ಕೆಲಸ ಇರುವುದಿಲ್ಲ. ಪ್ರೂಫ್ ತೆಗೆದು ಕೂತು ತಿದ್ದೋಣ. ಟೀ ನನ್ನದು.