ಅಂಕಪಟ್ಟಿಯಲ್ಲಿ ಕಾಣದ ಪಾಠಗಳು



2025ರ ಜನವರಿ 19ರಂದು ದೆಹಲಿಯಲ್ಲಿ ಮೊಟ್ಟಮೊದಲ ಖೋ ಖೋ ವಿಶ್ವಕಪ್ಪಿನ ಮಹಿಳೆಯರ ಅಂತಿಮ ಪಂದ್ಯ ನಡೆಯಿತು. ಭಾರತ 78, ನೇಪಾಳ 40. ಆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂದು ಕರೆದದ್ದು ಬಿ. ಚೈತ್ರಾ ಅವರ ಹೆಸರನ್ನು. ಅವರ ಊರು ಯಾವುದು ಗೊತ್ತೇ? ನಮ್ಮ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರು. ಕಾವೇರಿ ಮತ್ತು ಕಪಿಲೆ ಸೇರುವ ಸೀಮೆಯ ಒಂದು ಹಳ್ಳಿ.

ಈಗ ನಿಮಗೊಂದು ಸಣ್ಣ ಲೆಕ್ಕ. ಎಸ್.ಎಸ್.ಎಲ್.ಸಿ.ಯಲ್ಲಿ ಒಟ್ಟು ಅಂಕ 625. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಇದರಲ್ಲಿ ಖೋ ಖೋ ಆಟಕ್ಕೆ ಎಷ್ಟು? ಒಂದು ಅಂಕವೂ ಇಲ್ಲ. ಹಾಡುವುದಕ್ಕೆ, ಚಿತ್ರ ಬರೆಯುವುದಕ್ಕೆ, ಜಾರಿಬಿದ್ದ ಗೆಳೆಯನನ್ನು ಎತ್ತಿ ಕೂರಿಸುವುದಕ್ಕೆ ಎಷ್ಟು ಎಂದು ಕೇಳಿದರೂ ಇದೇ ಉತ್ತರ. ಹಾಗೆಂದು ಪರೀಕ್ಷೆಯನ್ನು ಹಗುರ ಮಾಡಬೇಡಿ. ಬಡವರ ಮನೆಯ ಮಗುವಿಗೆ ಆ 625ರ ಏಣಿ ಬಹಳ ದೊಡ್ಡದು. ಅದನ್ನು ಹತ್ತಿಯೇ ನಾನೂ ಮೇಷ್ಟರಾದೆ. ನಾನು ಕೇಳುವುದು ಬೇರೆ. ಏಣಿಗೆ ಒರಗಿಸಲು ಗೋಡೆ ಬೇಡವೇ?

ನಂಜನಗೂಡಿನಿಂದ ನರಸೀಪುರದವರೆಗೆ ಯಾವ ಊರಿಗೆ ಹೋದರೂ ಜನ ಖಾಸಗಿ ಇಂಗ್ಲಿಷ್ ಶಾಲೆಯನ್ನು ‘ಕಾನ್ವೆಂಟು’ ಎನ್ನುತ್ತಾರೆ. ಅದನ್ನು ನಡೆಸುವವರು ಯಾವ ಮತದವರಾದರೂ ಸರಿ, ಗೋಡೆಯ ಮೇಲೆ ಸರಸ್ವತಿಯ ಚಿತ್ರವೇ ಇದ್ದರೂ ಸರಿ, ಅದು ಕಾನ್ವೆಂಟೇ. ಮಾತಿನ ಅರ್ಥ ನೋಡಿದರೆ ಕನ್ಯಾಸ್ತ್ರೀಯರ ಮಠ. ಕ್ರೈಸ್ತ ಸಂಸ್ಥೆಗಳು ನಡೆಸಿದ ಶಾಲೆಗಳ ಶಿಸ್ತು, ಸಮವಸ್ತ್ರ, ಬೆಳಗಿನ ಸಾಲು ಇವುಗಳನ್ನು ನಮ್ಮವರು ಎಷ್ಟು ಮೆಚ್ಚಿದರೆಂದರೆ ಹೆಸರನ್ನೂ ಎತ್ತಿಕೊಂಡು ಬಂದರು. ಆದರೆ ತಂದವರು ಎಲ್ಲವನ್ನೂ ತಂದರೇ? ಟೈ ತಂದರು, ಬೂಟು ತಂದರು. ಆಟದ ಬಯಲು ಎಷ್ಟೋ ಕಡೆ ದಾರಿಯಲ್ಲೇ ಬಿದ್ದುಹೋಯಿತು.

‘ಸರ್ವಾಂಗೀಣ ಬೆಳವಣಿಗೆ’ ಎಂಬ ಮಾತು ಇಂದು ಪ್ರತಿಯೊಂದು ಶಾಲೆಯ ಪ್ರವೇಶ ಪತ್ರದಲ್ಲಿ ಅಚ್ಚಾಗಿರುತ್ತದೆ. ಅದರ ಬೇರು ಹಳೆಯದು. ಪೆಸ್ತಲಾಜಿ ಎಂಬ ಸ್ವಿಟ್ಜರ್ಲೆಂಡಿನ ಉಪಾಧ್ಯಾಯ (1746–1827) ಮಗುವಿನ ತಲೆ, ಹೃದಯ, ಕೈ ಮೂರೂ ಒಟ್ಟಿಗೆ ಬೆಳೆಯಬೇಕೆಂದು ವಾದಿಸಿದ. ಅದೇ ದೇಶದ ಬಾಸೆಲ್ ಪಟ್ಟಣದಿಂದ 1834ರಲ್ಲಿ ಮಂಗಳೂರಿಗೆ ಬಂದ ಮಿಷನ್ನಿನವರು ಶಾಲೆ ತೆರೆದರು. ಅದರ ಜೊತೆಗೆ ಅಚ್ಚುಕೂಟ, ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ ಇವುಗಳನ್ನೂ ಕಟ್ಟಿದರು. ಓದಿದವನು ಕೈ ಕೆಸರು ಮಾಡಿಕೊಳ್ಳಬಾರದು ಎಂಬ ನಮ್ಮ ಹಳೆಯ ಗರ್ವಕ್ಕೆ ಅದು ಒಂದು ಪೆಟ್ಟು. ಮುಂದೆ 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ಕೈಕೆಲಸದ ಮೂಲಕವೇ ಪಾಠವಾಗಬೇಕೆಂದಾಗ ಅದೇ ಗರ್ವವನ್ನು ಇನ್ನೊಂದು ದಿಕ್ಕಿನಿಂದ ಮುರಿದರು. ಅವರು 1927ರಲ್ಲಿ ಬಂದು ನೋಡಿದ ಬದನವಾಳಿನ ಖಾದಿ ಕೇಂದ್ರ ನಂಜನಗೂಡು ತಾಲ್ಲೂಕಿನಲ್ಲೇ ಇದೆ. ನಿಮ್ಮಲ್ಲಿ ಎಷ್ಟು ಮಂದಿ ಅದನ್ನು ನೋಡಿದ್ದೀರಿ?

ಆಟದ ಕಥೆ ಇನ್ನೂ ಸ್ವಾರಸ್ಯ. ನಿಮ್ಮ ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್, ವಾಲಿಬಾಲ್ ಆಡುತ್ತೀರಲ್ಲ, ಎರಡೂ ಹುಟ್ಟಿದ್ದು ಅಮೆರಿಕದ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದಲ್ಲಿ, 1891 ಮತ್ತು 1895ರಲ್ಲಿ. ಆ ಸಂಘದ ಗುರುತು ಒಂದು ತ್ರಿಕೋನ: ದೇಹ, ಬುದ್ಧಿ, ಆತ್ಮ. ಒಂದು ಬದಿ ಮೊಂಡಾದರೆ ತ್ರಿಕೋನವೇ ಇಲ್ಲ. ಹ್ಯಾರಿ ಬಕ್ ಎಂಬುವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ದಕ್ಷಿಣದ ಎಷ್ಟೋ ಡ್ರಿಲ್ ಮೇಷ್ಟರು ಅಲ್ಲಿಂದ ತರಬೇತಿ ಪಡೆದು ಬಂದವರು. ಡ್ರಿಲ್ ಮೇಷ್ಟರೆಂದರೆ ಸೀಟಿ ಊದುವವರು, ಬೆತ್ತ ಹಿಡಿದವರು ಎಂದಷ್ಟೇ ನಾವು ತಿಳಿದಿದ್ದೆವು. ಮಗುವಿನ ಮೈಗೂ ಒಂದು ವಿದ್ಯೆ ಇದೆ ಎಂದು ತಿಳಿದವರು ಶಾಲೆಯಲ್ಲಿ ಬಹುಶಃ ಅವರೊಬ್ಬರೇ.

ಇನ್ನು ಮೈಸೂರಿಗೆ ಬನ್ನಿ. ಅಲ್ಲಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿಗೆ ಮಲೆನಾಡಿನಿಂದ ಒಬ್ಬ ಹುಡುಗ ಓದಲು ಬಂದ. ಅವನಿಗೆ ಪಠ್ಯಕ್ಕಿಂತ ಕವಿತೆಯ ಹುಚ್ಚು, ಅದೂ ಇಂಗ್ಲಿಷಿನಲ್ಲಿ ಬರೆಯುವ ಹುಚ್ಚು. 1922ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ, ಅವನ ಇಂಗ್ಲಿಷ್ ಕವನಗಳ ಪುಟ್ಟ ಪುಸ್ತಕ ಹೊರಬಂತು. ಮುಂದೆ 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆತ ತನ್ನ ಪದ್ಯಗಳನ್ನು ತೋರಿಸಿದ. ಕಸಿನ್ಸ್ ಓದಿ ನೋಡಿ, ನಿನ್ನ ಮಾತೃಭಾಷೆಯಲ್ಲಿ ಏಕೆ ಬರೆಯಬಾರದು ಎಂಬ ಸಲಹೆ ಕೊಟ್ಟರು. ಆ ಹುಡುಗನೇ ಕುವೆಂಪು ಎಂದು ನೀವಾಗಲೇ ಊಹಿಸಿರುತ್ತೀರಿ. ಆ ಪುಸ್ತಕಕ್ಕಾಗಲಿ ಆ ಭೇಟಿಗಾಗಲಿ ಯಾವ ಪರೀಕ್ಷೆಯಲ್ಲೂ ಅಂಕ ಬರಲಿಲ್ಲ. ಆ ಶಾಲೆಯೇ ಅವರನ್ನು ಕವಿಯನ್ನಾಗಿ ಮಾಡಿತು ಎಂದು ನಾನು ಹೇಳುವುದಿಲ್ಲ, ಅದು ಅತಿಯಾಗುತ್ತದೆ. ಪಠ್ಯದ ಆಚೆ ಬರೆಯುವುದಕ್ಕೆ ಹುಡುಗನ ದಿನದಲ್ಲಿ ಒಂದಿಷ್ಟು ಬಿಡುವು ಉಳಿದಿತ್ತು, ಅಷ್ಟೆ. ಆ ಬಿಡುವನ್ನು ಮುಟ್ಟದೆ ಬಿಡುವುದೂ ಶಾಲೆಯ ಕೆಲಸವೇ.

ಮಿಷನ್ ಶಾಲೆಗಳಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದಲ್ಲ. ಅವರಿಗೆ ಮತಪ್ರಚಾರದ ಉದ್ದೇಶವೂ ಇತ್ತು, ಅದನ್ನು ಅವರು ಬಚ್ಚಿಡಲೂ ಇಲ್ಲ. ಕನ್ನಡ ಮಾತಾಡಿದ ಮಗುವಿಗೆ ದಂಡ ಹಾಕುವ ಇಂಗ್ಲಿಷ್ ಶಾಲೆಗಳನ್ನೂ ನಾನು ಕಂಡಿದ್ದೇನೆ. ಮನೆಯ ಮಾತನ್ನು ಗೇಟಿನ ಹೊರಗೆ ಬಿಟ್ಟು ಬಾ ಎಂದರೆ ಅದು ಸರ್ವಾಂಗೀಣ ಹೇಗಾದೀತು? ನಾಲಿಗೆ ಅಂಗವಲ್ಲವೇ?

ಶಾಲೆಯ ಬಾಗಿಲೇ ಮುಚ್ಚಿದ್ದವರನ್ನೂ ಇಲ್ಲಿ ನೆನೆಯಬೇಕು. ನಂಜನಗೂಡಿನ ತಿರುಮಲಾಂಬ 1887ರಲ್ಲಿ ಹುಟ್ಟಿದವರು, ಚಿಕ್ಕ ವಯಸ್ಸಿನಲ್ಲೇ ವಿಧವೆಯಾದವರು. ಅಂದಿನ ಸಮಾಜ ಅಂಥ ಹುಡುಗಿಗೆ ಒಂದು ಮೂಲೆ ತೋರಿಸುತ್ತಿತ್ತು. ಅವರು ಮನೆಯಲ್ಲೇ ಓದಿದರು, ಕಾದಂಬರಿ ಬರೆದರು, ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು, ಸುತ್ತಲಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು. ಬರೆಯುವುದು, ಪ್ರಕಟಿಸುವುದು, ಕಲಿಸುವುದು ಎಲ್ಲಕ್ಕೂ ಅವರೇ. ನಂಜನಗೂಡಿನ ರಸಬಾಳೆ ಗೊತ್ತಿರುವ ಮಕ್ಕಳಿಗೆ ತಿರುಮಲಾಂಬ ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ.

ಈಗ ನನ್ನ ವಿಷಯ. ನಾನು ಗಣಿತದ ಮೇಷ್ಟರು. ಪಾಠ ಹೇಳುತ್ತಿದ್ದ ಶಾಲೆಯ ಹೆಸರು ಬೇಡ, ತಪ್ಪು ನನ್ನದು. ಒಂದು ವರ್ಷ ಹತ್ತನೇ ತರಗತಿಯ ಫಲಿತಾಂಶ ಕುಸಿದಿತ್ತು. ಬುಧವಾರ ಮತ್ತು ಶನಿವಾರದ ಪಿ.ಟಿ. ಪಿರಿಯಡ್ಡುಗಳನ್ನು ಗಣಿತಕ್ಕೆ ಕೊಡಿ ಎಂದು ಕೇಳಿದವನು ನಾನು. ಕೊಟ್ಟರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗನಿದ್ದ. ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಬಯಲಿಗೆ ಇಳಿದರೆ ಮಾತ್ರ ಅವನ ದನಿ ಇಡೀ ಶಾಲೆಗೆ ಕೇಳಿಸುತ್ತಿತ್ತು. ಯಾರು ಎಲ್ಲಿ ಕೂರಬೇಕು, ಯಾರು ಮೊದಲು ಓಡಬೇಕು ಎಂದು ಅವನೇ ಹೇಳುವವನು, ಉಳಿದವರು ಕೇಳುವವರು. ಮೊದಲು ಶನಿವಾರ ಬರುವುದನ್ನು ಬಿಟ್ಟ, ಆಮೇಲೆ ಬುಧವಾರ. ದಸರಾ ರಜೆ ಮುಗಿದ ಮೇಲೆ ಬರಲೇ ಇಲ್ಲ. ಅವನ ಮನೆಯಲ್ಲಿ ಬೇರೆ ತೊಂದರೆಗಳೂ ಇದ್ದವು, ಎಲ್ಲವನ್ನೂ ಆ ಪಿರಿಯಡ್ಡಿನ ಮೇಲೆ ಹಾಕಲಾರೆ. ಆ ವರ್ಷ ಫಲಿತಾಂಶ ಏರಿತು. ನನಗೆ ಶಾಲು ಹೊದಿಸಿದರು. ಪರೀಕ್ಷೆಗೆ ಕೂರದವನು ಶೇಕಡಾವಾರಿನ ಲೆಕ್ಕಕ್ಕೆ ಬರುವುದಿಲ್ಲ ನೋಡಿ. ಗಣಿತದ ಮೇಷ್ಟರಿಗೇ ಆ ಲೆಕ್ಕ ಹೊಳೆಯಲು ಬಹಳ ಕಾಲ ಹಿಡಿಯಿತು.

ಶಾಲೆಯ ಅಂಗಳದ ಖೋ ಖೋ ಆಟವನ್ನು ಒಮ್ಮೆ ಗಮನವಿಟ್ಟು ನೋಡಿ. ಎಂಟು ಜನ ಸಾಲಾಗಿ ಕುಳಿತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರ ಮುಖ ಆ ಕಡೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಸಾಲಿನ ನಡುವೆ ನುಗ್ಗುವಂತಿಲ್ಲ, ಹಿಡಿದ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಎದುರಾಳಿ ಆ ಕಡೆಗೆ ಜಾರಿದರೆ ಕುಳಿತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು, ತಾನು ಅವಳ ಜಾಗದಲ್ಲಿ ಕೂರಬೇಕು. ಎಷ್ಟು ವೇಗವಾಗಿ ಓಡಿದಳು ಎನ್ನುವುದರ ಜೊತೆಗೆ, ಯಾವ ಗಳಿಗೆಯಲ್ಲಿ ಓಟವನ್ನು ಇನ್ನೊಬ್ಬಳಿಗೆ ಬಿಟ್ಟುಕೊಟ್ಟಳು ಎನ್ನುವುದೂ ಪಂದ್ಯವನ್ನು ನಿರ್ಧರಿಸುತ್ತದೆ. ಇದಕ್ಕೆ ಬೇಕಾದದ್ದು ಎರಡು ಕಂಬ, ಸ್ವಲ್ಪ ಸುಣ್ಣದ ಪುಡಿ. ಕುರುಬೂರಿನಿಂದ ವಿಶ್ವಕಪ್ಪಿಗೆ ಹೋದ ಆಟದ ಬಂಡವಾಳ ಇಷ್ಟೇ.

ನಾಳೆ ಶಾಲೆಗೆ ಹೋದಾಗ ನಿಮ್ಮ ವೇಳಾಪಟ್ಟಿಯನ್ನು ಓದಿ. ಆಟದ ಪಿರಿಯಡ್ ಬರೆದಿದ್ದರೆ, ಅದು ನಿಜವಾಗಿ ನಡೆಯುತ್ತಿದೆಯೇ ನೋಡಿ. ನಡೆಯದಿದ್ದರೆ ಮೂರು ನಾಲ್ಕು ಜನ ಸೇರಿ ಮುಖ್ಯೋಪಾಧ್ಯಾಯರ ಬಳಿ ವಿನಯದಿಂದ ಕೇಳಿ. ಒಬ್ಬರೇ ಹೋದರೆ ಗದರಿಸಿ ಕಳಿಸುತ್ತಾರೆ. ಚೆಂಡು, ಹಗ್ಗ ಇಟ್ಟಿರುವ ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆ ಎಂದೂ ವಿಚಾರಿಸಿ. ಆ ವರ್ಷ ನಮ್ಮ ಶಾಲೆಯಲ್ಲಿ ಅದು ನನ್ನ ಮೇಜಿನ ಖಾನೆಯಲ್ಲಿತ್ತು.