ಶೇಷ ಸೊನ್ನೆಯಾಗುವವರೆಗೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ಕಂಪ್ಯೂಟರ್ ಸೈನ್ಸಿನಲ್ಲಿ ಎಂ.ಟೆಕ್. ಮಾಡಿದ್ದೀಯ, ಮಕ್ಕಳಿಗೆ ಎರಡು ಮಾತು ಹೇಳಪ್ಪ" ಎಂದು ಮುಖ್ಯೋಪಾಧ್ಯಾಯರು ಅಪ್ಪಣೆ ಮಾಡಿದರು. ನಾನು ನಡೆದ ದಾರಿಯನ್ನಷ್ಟೇ ಹೇಳುತ್ತೇನೆ.

ಬಿ.ಇ. ಮುಗಿದ ಮೇಲೆ ಬೆಂಗಳೂರಿನ ಇಟ್ಟಮಡುವಿನಲ್ಲಿ ಮೂವರು ಸೇರಿ ಒಂದು ರೂಮು ಮಾಡಿದ್ದೆವು. ಹಗಲು ಸಣ್ಣ ಕೆಲಸ, ರಾತ್ರಿ ಗೇಟ್ ಪರೀಕ್ಷೆಗೆ ಓದು. 3 ಗಂಟೆ, 100 ಅಂಕಗಳ ಪರೀಕ್ಷೆ. ಮೊದಲ ಸಲ ಅರ್ಹತೆಯ ಅಂಕವೂ ಬರಲಿಲ್ಲ. ಫೋನ್ ಮಾಡಿದರೆ ಅಪ್ಪ, "ಇನ್ನೂ ಎಷ್ಟು ಓದ್ತೀಯ ಮಗ? ತಂಗಿ ಮದುವೆ ಸಾಲ ಹಂಗೇ ಐತೆ" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ.

ಮರುವರ್ಷ ಪಾಸಾದೆ. ಸರ್ ಎಂ. ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1917ರಲ್ಲಿ ಶುರುವಾದ ಯು.ವಿ.ಸಿ.ಇ.ಯಲ್ಲಿ ಸೀಟು ಸಿಕ್ಕಿತು. ಕೆಲಸ ಬಿಟ್ಟೆ. ಗೇಟ್ ಪಾಸಾಗಿ ಸೇರಿದ್ದರಿಂದ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ ಬರುತ್ತಿತ್ತು. ಬಾಡಿಗೆ, ಊಟ, ಬಸ್ ಪಾಸು ಕಳೆದು ಉಳಿದದ್ದನ್ನು ಮನೆಗೆ ಕಳಿಸಿದೆ. ಅಪ್ಪ ಜಮೀನು ಮಾರಬೇಕಾಗಲಿಲ್ಲ.

ಮೊದಲ ವಾರ ಪಾಠವೆಲ್ಲ ಇಂಗ್ಲಿಷಿನಲ್ಲಿ ತಲೆಯ ಮೇಲೆ ಹಾದುಹೋಯಿತು. ಕೊನೆಯ ಬೆಂಚಿನಲ್ಲಿ ಕುಳಿತು, ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅವತ್ತು ಅಲ್ಗಾರಿದಮ್ ತರಗತಿಯಲ್ಲಿ ಅಧ್ಯಾಪಕರು ಬೋರ್ಡಿನ ಮೇಲೆ 252, 105 ಎಂದು ಬರೆದರು. 252ನ್ನು 105ರಿಂದ ಭಾಗಿಸಿದರೆ ಶೇಷ 42. 105ನ್ನು 42ರಿಂದ ಭಾಗಿಸಿದರೆ ಶೇಷ 21. 42ನ್ನು 21ರಿಂದ ಭಾಗಿಸಿದರೆ ಶೇಷ ಸೊನ್ನೆ. ಉತ್ತರ 21. ಅರೆ, ಇದು ನಮ್ಮ ಲೆಕ್ಕದ ಮೇಷ್ಟ್ರು ಇದೇ ಶಾಲೆಯಲ್ಲಿ ಕಲಿಸಿದ ಮ.ಸಾ.ಅ.! ಎರಡು ಸಾವಿರ ವರ್ಷಕ್ಕೂ ಹಿಂದೆ ಯೂಕ್ಲಿಡ್ ಬರೆದಿಟ್ಟ ಕ್ರಮ.

"ಇದು ನಿಂತೇ ನಿಲ್ಲುತ್ತದೆ ಎಂದು ಹೇಗೆ ಹೇಳುತ್ತೀರಿ?" ಎಂದು ಅಧ್ಯಾಪಕರು ಕೇಳಿದರು. ಕೈ ಎತ್ತಿದೆ. ಪ್ರತಿ ಸಲವೂ ಶೇಷ ಭಾಜಕಕ್ಕಿಂತ ಚಿಕ್ಕದು. ಇಳಿಯುತ್ತ ಹೋದರೆ ಸೊನ್ನೆ ಮುಟ್ಟಲೇಬೇಕು ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಸರಿ ಎಂದರು. ಅಂದಿನಿಂದ ನೋಟ್ಸಿನ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡೇ ಓದಿದೆ.

ಮಕ್ಕಳೇ, ಪ್ರೋಗ್ರಾಂ ಬರೆಯುವುದನ್ನು ಬಿ.ಇ.ಯಲ್ಲೇ ಕಲಿತಿದ್ದೆ. ಅದು ಏಕೆ ಸರಿ, ಎಷ್ಟು ಹೆಜ್ಜೆಯಲ್ಲಿ ಮುಗಿಯುತ್ತದೆ, ಇನ್ನೂ ಒಳ್ಳೆಯ ದಾರಿ ಇದೆಯೇ ಎಂದು ಕೇಳುವುದನ್ನು ಎಂ.ಟೆಕ್. ಕಲಿಸಿತು. "ಏಕೆ" ಎಂದು ಕೇಳಲು ಕನ್ನಡ ಮಾಧ್ಯಮ ಅಡ್ಡಿಯಲ್ಲ. ಇಂಗ್ಲಿಷ್ ಕಲಿಯಿರಿ, ಹೆದರಬೇಡಿ.

ಹಿರಿಯರಲ್ಲಿ ಒಂದು ಮಾತು. ನನ್ನ ತಂಗಿಯೂ ಇದೇ ಶಾಲೆಯವಳು. ಲೆಕ್ಕದಲ್ಲಿ ನನಗಿಂತ ಜಾಣೆ. ಪಿ.ಯು.ಸಿ. ಮುಗಿಯುತ್ತಲೇ ಅವಳಿಗೆ ಸಾಲ ಮಾಡಿ ಮದುವೆ ಮಾಡಿದೆವು; ಆಗ ನಾನೂ ಬೇಡ ಅನ್ನಲಿಲ್ಲ. ಓದಿಗೆ ವಿದ್ಯಾರ್ಥಿವೇತನ ಇದೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈಗ ನಿಮಗೆ ಗೊತ್ತಾಯಿತು. ಹೆಣ್ಣುಮಕ್ಕಳನ್ನು ಅರ್ಧಕ್ಕೆ ನಿಲ್ಲಿಸಬೇಡಿ.