ಮನೆಗೊಂದು ಲ್ಯಾಪ್‌ಟಾಪ್: ಅಗ್ಗವಾದದ್ದೋ, ಸಾಕಾಗುವಂಥದ್ದೋ?

(ಮಹಿಳಾ ವಿಭಾಗದ ತಿಂಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮ ವಾಟ್ಸಾಪ್ ಗುಂಪಿನಲ್ಲಿ ಆಗಾಗ ಒಂದು ಪ್ರಶ್ನೆ ಬರುತ್ತದೆ. "ಮನೆಬಳಕೆಗೆ ಒಂದು ಲ್ಯಾಪ್‌ಟಾಪ್ ಬೇಕು. ದೊಡ್ಡ ಕೆಲಸವೇನಿಲ್ಲ. ಕಡಿಮೆ ಬೆಲೆಯದ್ದು ಯಾವುದು ಒಳ್ಳೆಯದು?" ನಾನು ಎಂ.ಟೆಕ್ ಮಾಡಿ ಐಟಿ ಕಂಪನಿಯಲ್ಲಿ ಕೆಲಸ ಮಾಡುವವಳು ಎಂಬ ಕಾರಣಕ್ಕೆ ಆ ಪ್ರಶ್ನೆ ಸುತ್ತಿ ಬಳಸಿ ನನ್ನ ಹತ್ತಿರವೇ ಬರುತ್ತದೆ. ಇವತ್ತು ಅದಕ್ಕೆ ಒಟ್ಟಿಗೇ ಉತ್ತರ ಹೇಳಿಬಿಡಿ ಎಂದು ಸಮಿತಿಯವರು ಕೇಳಿಕೊಂಡಿದ್ದಾರೆ. ಉತ್ತರಕ್ಕೆ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ಹೇಳುತ್ತೇನೆ.

2021ರಲ್ಲಿ ನಮ್ಮ ಅತ್ತೆಗೆಂದು ಒಂದು ಲ್ಯಾಪ್‌ಟಾಪ್ ಕೊಂಡೆ. ಅತ್ತೆ ಕುಂದಾಪುರದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು. ಅವರ ಭಜನಾ ಮಂಡಳಿಯ ಲೆಕ್ಕಪತ್ರ, ಹಾಡುಗಳ ಪಟ್ಟಿ ಎಲ್ಲ ಅವರ ಕೈಯಲ್ಲೇ. ಕೊರೊನಾ ಸಮಯದಲ್ಲಿ ಭಜನೆ ಝೂಮ್‌ಗೆ ಬಂದಿತ್ತು. ಅದರ ಜೊತೆಗೆ ಊರಿನ ನೆನಪುಗಳನ್ನು ಕನ್ನಡದಲ್ಲಿ ಟೈಪ್ ಮಾಡಿ ಇಡಬೇಕು ಎಂಬ ಆಸೆ ಅವರಿಗಿತ್ತು. ನಾನು ಲೆಕ್ಕ ಹಾಕಿದೆ. ಝೂಮ್, ಸ್ವಲ್ಪ ಟೈಪಿಂಗ್, ಯೂಟ್ಯೂಬ್. ಇಷ್ಟಕ್ಕೆ ದುಬಾರಿಯದ್ದು ಯಾಕೆ? ಸೇಲ್‌ನಲ್ಲಿ 19 ಸಾವಿರಕ್ಕೆ ಸಿಕ್ಕಿದ ಒಂದು ಪುಟ್ಟ ಲ್ಯಾಪ್‌ಟಾಪ್ ತರಿಸಿದೆ. 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್. ನನ್ನ ಕೆಲಸಕ್ಕೆ 16 ಜಿಬಿ ಬೇಕು, ಅತ್ತೆಗೆ ಇಷ್ಟು ಸಾಕು ಎಂದುಕೊಂಡೆ.

ಮೊದಲ ಕೆಲವು ತಿಂಗಳು ನಡೆಯಿತು. ಆಮೇಲೆ ಅತ್ತೆ ಒಂದು ಕಡೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆಗಲಿಲ್ಲವಲ್ಲ ಎಂದು ಮತ್ತೆ ಮತ್ತೆ ಒತ್ತುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಾಲ್ಕು ಕಿಟಕಿಗಳು ಒಟ್ಟಿಗೇ ತೆರೆದುಕೊಳ್ಳುತ್ತಿದ್ದವು. "ನಾನು ಏನೋ ಹಾಳು ಮಾಡಿದೆ ಅಂತ ಕಾಣುತ್ತದೆ, ನೋಡು" ಎಂದು ಕರೆಯುತ್ತಿದ್ದರು. ಆಫೀಸಿನ ಮೀಟಿಂಗ್ ನಡುವೆ ಎದ್ದು ಹೋಗಿ ನಾನು ಸರಿ ಮಾಡುತ್ತಿದ್ದೆ. "ನಿಧಾನಕ್ಕೆ ಒತ್ತಿ ಅತ್ತೆ, ಅವಸರ ಮಾಡಬೇಡಿ" ಎಂದು ಉಪದೇಶ ಬೇರೆ. ಒಂದು ವರ್ಷವಾಗುವಷ್ಟರಲ್ಲಿ ಅವರು "ನನ್ನಿಂದ ಇದು ಆಗುವುದಲ್ಲ ಮಾರಾಯ್ತಿ, ಈ ವಯಸ್ಸಿನಲ್ಲಿ ತಲೆಗೆ ಹತ್ತುವುದಿಲ್ಲ" ಎಂದು ಅದನ್ನು ಚೀಲಕ್ಕೆ ಹಾಕಿ ಕಪಾಟಿನ ಮೇಲೆ ಇಟ್ಟರು. ಮತ್ತೆ ನೋಟ್‌ಬುಕ್ಕಿಗೆ ಹೋದರು. ನಾನೂ ಅದನ್ನೇ ನಂಬಿದೆ. ವಯಸ್ಸಾಗಿದೆ, ಇರಲಿ ಎಂದುಕೊಂಡೆ.

ಎಷ್ಟೋ ತಿಂಗಳ ಮೇಲೆ ನನ್ನ ಲ್ಯಾಪ್‌ಟಾಪ್ ರಿಪೇರಿಗೆ ಹೋಯಿತು. ಮಗಳ ಶಾಲೆಯ ಒಂದು ಅರ್ಜಿ ತುಂಬಬೇಕಿತ್ತು. ಅತ್ತೆಯದನ್ನು ಇಳಿಸಿ ಕೂತೆ. ಆನ್ ಆಗುವುದಕ್ಕೇ ಒಂದು ಲೋಟ ಚಹಾ ಕುಡಿದು ಮುಗಿಯಿತು. ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಮುಂದಿನ ಪದ ಮರೆತುಹೋಗುತ್ತಿತ್ತು. ಅರ್ಧ ಗಂಟೆಯಲ್ಲಿ ನನಗೆ ಸಾಕೋ ಸಾಕಾಯಿತು. ಒಳಗೆ ನೋಡಿದರೆ 64 ಜಿಬಿ ಜಾಗದಲ್ಲಿ ಉಳಿದದ್ದು 2 ಜಿಬಿ. ಮಿಕ್ಕಿದ್ದನ್ನೆಲ್ಲ ವಿಂಡೋಸ್ ಮತ್ತು ಅದರ ಅಪ್‌ಡೇಟ್‌ಗಳೇ ನುಂಗಿದ್ದವು. ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂರುವ ನನಗೆ ಅರ್ಧ ಗಂಟೆ ತಾಳಲು ಆಗದ ಯಂತ್ರದ ಮುಂದೆ ನಮ್ಮ ಅತ್ತೆ ಒಂದು ವರ್ಷ ಕೂತಿದ್ದರು. ಅದೂ ತಪ್ಪು ತಮ್ಮದೇ ಎಂದುಕೊಂಡು.

ಅವತ್ತು ನನಗೆ ಅರ್ಥವಾದದ್ದು ಇಷ್ಟೇ. ಅಭ್ಯಾಸ ಇದ್ದವರಿಗೆ ಯಂತ್ರ ನಿಧಾನವಾದರೆ ಯಂತ್ರ ನಿಧಾನ ಎಂದು ಗೊತ್ತಾಗುತ್ತದೆ. ಹೊಸದಾಗಿ ಕಲಿಯುವವರಿಗೆ ತಾವೇ ದಡ್ಡರು ಅನ್ನಿಸುತ್ತದೆ. ಆದ್ದರಿಂದ "ಸುಮ್ಮನೆ ಮನೆಬಳಕೆಗೆ ತಾನೇ, ಯಾವುದಾದರೂ ಆಯಿತು" ಎನ್ನಬೇಡಿ. ತುಂಬಾ ದುಬಾರಿಯದ್ದು ಬೇಡ. ಆದರೆ ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಬಾರದು. ಆ ಮಟ್ಟ ಯಾವುದು ಎಂದು ಹೇಳುವುದೇ ಇವತ್ತಿನ ನನ್ನ ಕೆಲಸ.

ಮೊದಲು ರ‍್ಯಾಮ್. ಇದು ನಮ್ಮ ಅಡುಗೆಮನೆಯ ಕಟ್ಟೆ ಇದ್ದ ಹಾಗೆ. ಮನೆಯಲ್ಲಿ ಎಷ್ಟೇ ಸಾಮಾನಿರಲಿ, ಹೆಚ್ಚುವುದು, ಕಲಸುವುದು ಕಟ್ಟೆಯ ಮೇಲೆಯೇ. ಕಟ್ಟೆ ಚಿಕ್ಕದಾದರೆ ಒಂದನ್ನು ಇಳಿಸಿ ಇನ್ನೊಂದನ್ನು ಇಡುವುದರಲ್ಲೇ ಹೊತ್ತು ಹೋಗುತ್ತದೆ. ವಿಂಡೋಸ್ 11 ಹಾಕಲು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಸ್ಟೋರೇಜ್ ಬೇಕು ಎಂದು ಮೈಕ್ರೋಸಾಫ್ಟ್ ಹೇಳುತ್ತದೆ. ಅಂಗಡಿಯವರು ಇದನ್ನೇ ತೋರಿಸುತ್ತಾರೆ. ಆದರೆ ಅದು ವಿಂಡೋಸ್ ಒಳಗೆ ಬಂದು ಕೂರಲು ಬೇಕಾದ ಜಾಗ, ನಾವು ಕೆಲಸ ಮಾಡಲು ಬೇಕಾದದ್ದಲ್ಲ. 8 ಜಿಬಿಗಿಂತ ಕಡಿಮೆ ತೆಗೆದುಕೊಳ್ಳಬೇಡಿ. ಮುಂದೆ ರ‍್ಯಾಮ್ ಹೆಚ್ಚಿಸಲು ಒಳಗೆ ಖಾಲಿ ಸ್ಲಾಟ್ ಇದೆಯೇ ಎಂದು ಕೇಳಿ. ಕೆಲವದರಲ್ಲಿ ಬೋರ್ಡಿಗೇ ಬೆಸೆದುಬಿಟ್ಟಿರುತ್ತಾರೆ, ಆಮೇಲೆ ಏನೂ ಮಾಡಲಾಗುವುದಿಲ್ಲ.

ಎರಡನೆಯದು ಸ್ಟೋರೇಜ್, ಅಂದರೆ ಸಾಮಾನು ಇಡುವ ಜಾಗ. ಇಲ್ಲಿ ಎಷ್ಟು ಎನ್ನುವುದಕ್ಕಿಂತ ಯಾವ ಬಗೆಯದು ಎನ್ನುವುದು ಮುಖ್ಯ. ಹಳೆಯ ಹಾರ್ಡ್ ಡಿಸ್ಕ್ ಎಂದರೆ ಅಟ್ಟ. ಬೇಕಾದಷ್ಟು ಹಿಡಿಸುತ್ತದೆ, ಆದರೆ ಪ್ರತಿ ಸಲ ಏಣಿ ಹತ್ತಬೇಕು. ಎಸ್‌ಎಸ್‌ಡಿ ಎಂದರೆ ಕೈಗೆ ಸಿಗುವ ಶೆಲ್ಫ್. "ಮೇಡಂ, ಇದರಲ್ಲಿ 1 ಟಿಬಿ ಇದೆ" ಎಂದು ಹಾರ್ಡ್ ಡಿಸ್ಕ್ ತೋರಿಸಿದರೆ ಮರುಳಾಗಬೇಡಿ. ಅದಕ್ಕಿಂತ 256 ಜಿಬಿ ಎಸ್‌ಎಸ್‌ಡಿ ಎಷ್ಟೋ ವಾಸಿ, 512 ಸಿಕ್ಕರೆ ಇನ್ನೂ ನೆಮ್ಮದಿ. ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಎಂಬ ಇನ್ನೊಂದು ಬಗೆ ಇರುತ್ತದೆ, 64 ಅಥವಾ 128 ಜಿಬಿಯದು. ನಾನು ಅತ್ತೆಗೆ ಕೊಂಡದ್ದು ಅದೇ. ಆ ನಾಲ್ಕು ಅಕ್ಷರ ಕಂಡರೆ ಮುಂದೆ ಹೋಗಿ.

ಮೂರನೆಯದು ಪ್ರೊಸೆಸರ್. ಮನೆಕೆಲಸಕ್ಕೆ ಇಂಟೆಲ್ ಕೋರ್ ಐ3 ಅಥವಾ ಎಎಂಡಿ ರೈಜೆನ್ 3 ಸಾಕು. ಆದರೆ ಐ3, ಐ5 ಎಂಬ ಹೆಸರು ನೋಡಿ ನಿಲ್ಲಬೇಡಿ, ಮುಂದಿನ ಅಂಕಿಯನ್ನೂ ಓದಿ. ಐ3-1215ಯು ಎಂದಿದ್ದರೆ 12ನೇ ತಲೆಮಾರಿನದು. ಐ5-8250ಯು ಎಂದಿದ್ದರೆ 8ನೇ ತಲೆಮಾರಿನದು. ಈ ಹಳೆಯ ಐ5ಗಿಂತ ಆ ಹೊಸ ಐ3ಯೇ ಚುರುಕು. "ಐ5 ಇದೆ" ಎಂಬ ಒಂದೇ ಮಾತಿಗೆ ಹೆಚ್ಚು ದುಡ್ಡು ಕೊಡಬೇಡಿ.

ನಾಲ್ಕನೆಯದು ಪರದೆ. ನಮ್ಮಲ್ಲಿ ನಲವತ್ತು ದಾಟಿದ ಕಣ್ಣುಗಳೇ ಹೆಚ್ಚು. ಅಗ್ಗದವುಗಳಲ್ಲಿ 1366×768 ಎಂದು ಬರೆದಿರುತ್ತದೆ, ಅದರಲ್ಲಿ ಅಕ್ಷರದ ಅಂಚು ಮಸುಕು. 1920×1080, ಅಂದರೆ ಫುಲ್ ಎಚ್‌ಡಿ ತೆಗೆದುಕೊಳ್ಳಿ. ಕನ್ನಡದ ಒತ್ತಕ್ಷರ, ದೀರ್ಘ ಎಲ್ಲ ಸ್ಪಷ್ಟವಾಗಿ ಕಾಣಬೇಕಲ್ಲ! ಅಕ್ಷರ ಚಿಕ್ಕದಾಯಿತೆಂದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 125 ಅಥವಾ 150 ಶೇಕಡಾಕ್ಕೆ ದೊಡ್ಡದು ಮಾಡಿಕೊಳ್ಳಬಹುದು.

ಇನ್ನು ದುಡ್ಡು ಎಲ್ಲಿ ಉಳಿಸಬೇಕು? ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡ, ಅದು ಗೇಮ್ ಆಡುವವರಿಗೆ. ಟಚ್ ಸ್ಕ್ರೀನ್ ಬೇಡ. ವಿಂಡೋಸ್‌ನಲ್ಲೇ ಆಂಟಿವೈರಸ್ ಇದೆ, ಅಪ್‌ಡೇಟ್ ಮಾಡುತ್ತಿದ್ದರೆ ಮನೆಬಳಕೆಗೆ ಅದೇ ಸಾಕು. ಎಂಎಸ್ ಆಫೀಸ್ ಕೆಲವು ಲ್ಯಾಪ್‌ಟಾಪ್‌ಗಳ ಜೊತೆಗೇ ಬರುತ್ತದೆ. ಬಂದರೆ ಕೊಂಡ ಕೂಡಲೇ ಚಾಲೂ ಮಾಡಿಕೊಳ್ಳಿ, ಅದಕ್ಕೊಂದು ಗಡುವು ಇರುತ್ತದೆ. ಬರದಿದ್ದರೆ ಲಿಬ್ರೆ ಆಫೀಸ್ ಉಚಿತ. ಅಂಗಡಿಯವರು "ಐನೂರು ಕೊಡಿ, ಹಾಕಿಕೊಡುತ್ತೇನೆ" ಎಂದು ಕಳ್ಳ ಆಫೀಸ್ ಹಾಕುವುದನ್ನು ಒಪ್ಪಬೇಡಿ. ಅದರ ಜೊತೆ ಬೇಡದ್ದೂ ಒಳಗೆ ಬರಬಹುದು, ಮತ್ತು ನೀವು ಬ್ಯಾಂಕಿನ ಕೆಲಸ ಮಾಡುವುದು ಅದರಲ್ಲೇ.

ಇನ್ನೊಂದು ಗುಂಡಿ ಇದೆ, ನೋಡಿ ಹೆಜ್ಜೆ ಇಡಿ. ಒಂದೇ ಬಗೆಯ ಎರಡು ಲ್ಯಾಪ್‌ಟಾಪ್, ಒಂದಕ್ಕೆ ಕೆಲವು ಸಾವಿರ ಕಡಿಮೆ. ಯಾಕೆ ಎಂದು ನೋಡಿದರೆ ಮೂಲೆಯಲ್ಲಿ "ಡಾಸ್" ಎಂದಿರುತ್ತದೆ. ಅಂದರೆ ಅದರಲ್ಲಿ ವಿಂಡೋಸ್ ಇಲ್ಲ. ಬೇರೆಯಾಗಿ ಕೊಂಡರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು. ಕ್ರೋಮ್‌ಬುಕ್ ಅಗ್ಗ, ಚುರುಕು ಕೂಡ. ಬರೀ ಇಂಟರ್ನೆಟ್ ನೋಡುವವರಿಗೆ ಆದೀತು. ಆದರೆ ನುಡಿಯಂಥ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ನಡೆಯುವುದಿಲ್ಲ. ಎಲ್ಲಿಯವರೆಗೆ ಅಪ್‌ಡೇಟ್ ಸಿಗುತ್ತದೆ ಎಂಬ ಕೊನೆಯ ದಿನಾಂಕವೂ ಅದಕ್ಕಿರುತ್ತದೆ, ಕೊಳ್ಳುವ ಮೊದಲು ನೋಡಿ.

ಹೊಸದಕ್ಕೆ ಬಜೆಟ್ ಇಲ್ಲದಿದ್ದರೆ ಹಳೆಯದು ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ದೊಡ್ಡ ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಗಟ್ಟಿಮುಟ್ಟಾಗಿರುತ್ತವೆ, ಕೀಬೋರ್ಡೂ ಚೆನ್ನಾಗಿರುತ್ತದೆ. ನಮ್ಮ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತವೆ. ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚಿ ಸ್ಟ್ರೀಟ್, ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರೋಡ್. ಆದರೆ ಒಂದು ಎಚ್ಚರಿಕೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ನಡೆಯಬೇಕಾದರೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರ ನಂತರದ್ದೇ ಬೇಕು. 6ನೇ, 7ನೇ ತಲೆಮಾರಿನದನ್ನು "ಚೀಪ್ ಅಂಡ್ ಬೆಸ್ಟ್" ಎಂದು ಕೊಟ್ಟರೆ ಬೇಡ ಎನ್ನಿ.

ಅಂಗಡಿಯಲ್ಲಿ ಸೀರೆ ಬಿಡಿಸಿ ನೋಡದೆ ನಾವು ಕೊಳ್ಳುತ್ತೇವೆಯೇ? ಇದನ್ನೂ ಹಾಗೆಯೇ ನೋಡಿ. ಆನ್ ಮಾಡಿಸಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ತೆರೆದರೆ ರ‍್ಯಾಮ್, ಪ್ರೊಸೆಸರ್ ಎರಡೂ ಕಾಣುತ್ತವೆ. ಅಲ್ಲೇ ಆಕ್ಟಿವೇಶನ್ ಎಂಬಲ್ಲಿ ವಿಂಡೋಸ್ ಅಸಲಿಯೇ ನೋಡಿ. ಎಲ್ಲ ಕೀಗಳನ್ನೂ ಒಮ್ಮೆ ಒತ್ತಿ. ಹಳೆಯದಾದರೆ ಚಾರ್ಜರ್ ಕಿತ್ತು ಹತ್ತು ನಿಮಿಷ ಬಿಟ್ಟು ಬ್ಯಾಟರಿ ಎಷ್ಟು ಇಳಿಯಿತು ನೋಡಿ. ಜಿಎಸ್‌ಟಿ ಬಿಲ್ ಪಡೆಯಿರಿ. ಹೊಸದಾದರೆ ವಾರಂಟಿ ಎಂಥದು ಎಂದು ಕೇಳಿ. ಮನೆಗೇ ಬಂದು ಸರಿ ಮಾಡುವ ಆನ್‌ಸೈಟ್ ವಾರಂಟಿ ಇದ್ದರೆ ಲೋಕಲ್ ಟ್ರೈನಿನಲ್ಲಿ ಲ್ಯಾಪ್‌ಟಾಪ್ ಹೊತ್ತು ಸರ್ವಿಸ್ ಸೆಂಟರಿಗೆ ಅಲೆಯುವುದು ತಪ್ಪುತ್ತದೆ.

ಇನ್ನು ಕನ್ನಡ. ಇದಕ್ಕಾಗಿ ಯಾವ ತಂತ್ರಾಂಶವನ್ನೂ ಕೊಳ್ಳಬೇಕಿಲ್ಲ. ವಿಂಡೋಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರೆ ಫೋನೆಟಿಕ್ ಕೀಬೋರ್ಡ್ ಸಿಗುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಅಭ್ಯಾಸವಿದ್ದವರು ಉಚಿತವಾಗಿ ಸಿಗುವ ನುಡಿ ಹಾಕಿಕೊಳ್ಳಬಹುದು. ಒಂದೇ ಮಾತು, ಟೈಪ್ ಮಾಡುವುದು ಯೂನಿಕೋಡ್‌ನಲ್ಲಿರಲಿ. ಹಳೆಯ ಫಾಂಟಿನಲ್ಲಿ ಮಾಡಿ ಕಳಿಸಿದರೆ ನಮ್ಮ ಸಂಚಿಕೆಯ ಸಂಪಾದಕಿಯವರ ಫೋನಿನಲ್ಲಿ ಅದು ಚಿತ್ರಲಿಪಿಯ ಹಾಗೆ ಕಾಣುತ್ತದೆ. ಅವರು ಪ್ರತಿ ವರ್ಷ ಪಡುವ ಪಾಡು ನನಗೆ ಗೊತ್ತು.

ಕೊನೆಯದಾಗಿ, ಯಾವ ಅಂಗಡಿಯೂ ಹೇಳದ ಎರಡು ಮಾತು. ನಮ್ಮ ಮನೆಗಳಲ್ಲಿ ಹೊಸ ಲ್ಯಾಪ್‌ಟಾಪ್ ಮಕ್ಕಳಿಗೆ ಅಥವಾ ಗಂಡಸರಿಗೆ, ಅವರು ಬಳಸಿ ಬಿಟ್ಟದ್ದು ಅಮ್ಮನಿಗೆ. ಕೊಡುವುದಾದರೆ ಕೊಡಲಿ, ಆದರೆ ಕೊಡುವ ಮೊದಲು ಅದಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಹೆಚ್ಚಿಸಿ ಕೊಡಲಿ. ಎಷ್ಟೋ ಹಳೆಯ ಯಂತ್ರಗಳಿಗೆ ಅಷ್ಟರಲ್ಲೇ ಜೀವ ಬರುತ್ತದೆ, ಹೊಸದು ಕೊಳ್ಳುವುದೇ ಬೇಡವಾಗಬಹುದು. ಎರಡನೆಯದು, ಅದರಲ್ಲಿ ನಿಮ್ಮ ಹೆಸರಿನದೇ ಒಂದು ಖಾತೆ ಇರಲಿ, ಪಾಸ್‌ವರ್ಡ್ ನೀವೇ ಇಡಿ. ಅಡುಗೆಮನೆಯ ಡಬ್ಬಿಗಳನ್ನು ಬೇರೆಯವರು ಜೋಡಿಸಿದರೆ ನಮಗೆ ಏನಾದರೂ ಸಿಗುತ್ತದೆಯೇ? ಇದೂ ಹಾಗೆಯೇ.

ಅತ್ತೆಗೆ ಆಮೇಲೆ ಇನ್ನೊಂದು ಲ್ಯಾಪ್‌ಟಾಪ್ ಕೊಂಡೆವು. 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 36 ಸಾವಿರ ಆಯಿತು. ಮೊದಲಿನ 19 ಸಾವಿರವನ್ನೂ ಸೇರಿಸಿದರೆ ನನ್ನ ಉಳಿತಾಯದ ಲೆಕ್ಕ ಎಷ್ಟಾಯಿತೆಂದು ನೀವೇ ನೋಡಿ. ಬೆಲೆ ಏರಿಳಿಯುತ್ತಿರುತ್ತದೆ, ಅದನ್ನು ನೆನಪಿಡಬೇಡಿ. ಮೂರು ಅಂಕಿ ನೆನಪಿಡಿ: 8, 256, 1920. ಇವುಗಳಿಗಿಂತ ಕೆಳಗೆ ಇಳಿಯಬೇಡಿ.

ಹೊಸದನ್ನು ಕೊಟ್ಟಾಗ ಅತ್ತೆ ಮುಟ್ಟಲು ಒಪ್ಪಲಿಲ್ಲ. "ಇದನ್ನೂ ಹಾಳು ಮಾಡುತ್ತೇನೆ" ಎಂದರು. "ಅದು ನೀವು ಹಾಳು ಮಾಡಿದ್ದಲ್ಲ ಅತ್ತೆ, ನಾನು ತಂದದ್ದೇ ಸರಿಯಿರಲಿಲ್ಲ" ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. "ಇದನ್ನು ಮೊದಲೇ ಹೇಳಬಾರದಿತ್ತಾ?" ಎಂದರು. ಮೂರನೇ ದಿನ ಮಳೆಗಾಲದ ಹಪ್ಪಳದ ಬಗ್ಗೆ ಒಂದು ಪುಟ ಟೈಪ್ ಮಾಡಿದ್ದರು. ಈಗ ನಲವತ್ತು ಪುಟ ದಾಟಿದೆ. ನನ್ನನ್ನು ಕರೆಯುವುದು ಬಹಳ ಕಡಿಮೆ.

ನಿಮ್ಮ ಮನೆಯಲ್ಲೂ "ನನಗೆ ಕಂಪ್ಯೂಟರ್ ಆಗುವುದಿಲ್ಲ" ಎಂದು ಕೈಬಿಟ್ಟವರು ಯಾರಾದರೂ ಇದ್ದರೆ, ಅವರಿಗೆ ಕಲಿಸಲು ಹೋಗುವ ಮೊದಲು ಅವರ ಯಂತ್ರದ ಮುಂದೆ ಅರ್ಧ ಗಂಟೆ ನೀವು ಕೂತು ನೋಡಿ. ಪ್ರಶ್ನೆಗಳಿದ್ದರೆ ಚಹಾ ಕುಡಿಯುತ್ತಾ ಮಾತಾಡೋಣ.